ಹುಲ್ಲು ತುಂಬಿದ ನೀರುನಾಯಿ

ಸತ್ತು ಹನ್ನೆರಡು ವರ್ಷವಾದ ನೀರುನಾಯಿಯನ್ನು ಈಜಾಡಿಸುವ ಕೆಲಸ ತನ್ನ ಪಾಲಿಗೆ ಬರುತ್ತದೆ ಎಂದು ಮೊಂಡಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಅವಳ ಕೆಲಸ ಕಕ್ಕಸು ತೊಳೆಯುವುದು. ಪಾರ್ಕಿನಲ್ಲಿ ಹದಿನಾಲ್ಕು ಕಕ್ಕಸು. ಹದಿನಾಲ್ಕನ್ನೂ ದಿನಕ್ಕೆ ಮೂರು ಸಲ ತೊಳೆಯಬೇಕು. ಅದರ ಮೇಲೆ ಈಗ ಇದೊಂದು.

ಸಾಹೇಬರು ಕರೆಸಿದಾಗ ಅವಳು ಬ್ರಷ್ಷು ಹಿಡಿದುಕೊಂಡೇ ಆಫೀಸಿಗೆ ಹೋಗಿದ್ದಳು. ಮೇಜಿನ ಮೇಲೆ ಆ ಪ್ರಾಣಿ ಮಲಗಿತ್ತು. ಇಷ್ಟು ದಿನ ಪಾರ್ಕಿನ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿದ್ದದ್ದು. ಒಳಗೆ ಒಣಹುಲ್ಲು, ಹೊರಗೆ ಚರ್ಮ, ಕಣ್ಣಿನ ಜಾಗದಲ್ಲಿ ಎರಡು ಗಾಜಿನ ಗುಂಡು. ಒಂದು ಗುಂಡು ಸೂರು ನೋಡುತ್ತಿತ್ತು, ಇನ್ನೊಂದು ಸಾಹೇಬರನ್ನು. ಮೀಸೆಯಲ್ಲಿ ಮೂರೇ ಕೂದಲು ಉಳಿದಿದ್ದವು.

"ನಿನಗೆ ಈಜು ಬರುತ್ತಲ್ಲ?" ಎಂದರು ಸಾಹೇಬರು.

"ಈ ಹಿನ್ನೀರಿನ ದಂಡೆ ಮೇಲೇ ಹುಟ್ಟಿದೋಳು ಸಾಹೇಬ್ರೇ. ನಡೆಯೋಕಿಂತ ಮೊದ್ಲು ಈಜ್ದೆ."

ಉಳಿದದ್ದನ್ನು ಸೀಟಿ ಮೇಸ್ತ್ರಿ ವಿವರಿಸಿದ. ಅವನ ಕೊರಳಲ್ಲಿ ಸದಾ ಒಂದು ಸೀಟಿ. ಬಾಯಿಂದ ಆಡುವ ಮಾತಿಗಿಂತ ಸೀಟಿಯಿಂದ ಆಡುವುದೇ ಹೆಚ್ಚು. ಹೆಂಡತಿಯನ್ನೂ ಸೀಟಿ ಊದಿಯೇ ಕರೆಯುತ್ತಾನೆ ಎಂದು ಹೆಂಗಸರು ನಗಾಡುತ್ತಿದ್ದರು. ಅವನು ಹೇಳಿದ್ದಿಷ್ಟು. ನಾಳೆ ಸಂಜೆ ದೊಡ್ಡ ಸಮಿತಿ ಬರುತ್ತದೆ. ಪಾರ್ಕಿನಲ್ಲಿ ಈ ದಂಡೆಯ ಮೂಲ ಪ್ರಾಣಿ ಬದುಕಿದೆಯೋ ಇಲ್ಲವೋ ಅಂತ ಕಣ್ಣಾರೆ ನೋಡುತ್ತದೆ. ನೋಡಿದರೆ ಪಾರ್ಕಿಗೆ ದೊಡ್ಡ ಪ್ರಮಾಣಪತ್ರ, ಸಾಹೇಬರಿಗೆ ದೊಡ್ಡ ಹುದ್ದೆ. ನೋಡದಿದ್ದರೆ ಎರಡೂ ಇಲ್ಲ.

ಆರು ವರ್ಷದಿಂದ ಯಾರೂ ನೋಡಿರಲಿಲ್ಲ. ಟಿಕೆಟ್ಟಿನ ಮೇಲೆ ನೀರುನಾಯಿ, ಟೋಪಿಯ ಮೇಲೆ ನೀರುನಾಯಿ, ಮೇಸ್ತ್ರಿಯ ಎದೆಯ ಮೇಲೆ ನೀರುನಾಯಿ. ನೀರಿನಲ್ಲಿ ಮಾತ್ರ ಇಲ್ಲ. ದುಡ್ಡು ಕೊಟ್ಟು ಬಂದವರಿಗೆ "ಇವತ್ತು ಅದಕ್ಕೆ ನಾಚಿಕೆ" ಎಂದು ಹೇಳಿ ಕಳಿಸುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ತಲೆಯಾಡಿಸಿ, ಟೋಪಿ ಕೊಂಡುಕೊಂಡು ಹೋಗುತ್ತಿದ್ದರು.

"ನೀನು ಜೊಂಡಿನ ಮರೇಲಿ ಕುತ್ತಿಗೆವರೆಗೂ ನೀರಲ್ಲಿ ನಿಲ್ಬೇಕು" ಎಂದ ಮೇಸ್ತ್ರಿ. "ಇದಕ್ಕೆ ದಾರ ಕಟ್ಟಿರ್ತೀವಿ. ಒಂದು ಸೀಟಿಗೆ ಎಳಿ. ಎರಡು ಸೀಟಿಗೆ ಮುಳುಗಿಸು. ತಲೆಗೆ ಸೊಪ್ಪು ಕಟ್ಕೋ, ಕಾಣ್ಬಾರ್ದು."

"ಎಷ್ಟೊತ್ತು?"

"ಅವ್ರಿಗೆ ನೋಡಿ ಸಾಕಾಗೋವರೆಗೂ."

"ಹುಲ್ಲು ನೆನೆದ್ರೆ ಮುಳುಗೋಗತ್ತಲ್ಲ?"

ಮೇಸ್ತ್ರಿ ಪ್ರಾಣಿಯನ್ನು ಮಗುಚಿ ಹಾಕಿದ. ಹೊಟ್ಟೆಯ ಕೆಳಗೆ ಎರಡು ಖಾಲಿ ನೀರಿನ ಬಾಟಲಿ ಕಟ್ಟಿದ್ದ. ಮಗಳ ಮದುವೆಗೆ ಒಡವೆ ಮಾಡಿಸಿದವನ ಹಾಗೆ ಹೆಮ್ಮೆಯಿಂದ ತೋರಿಸಿದ.

ಮೊಂಡಕ್ಕನಿಗೆ ನಗು ಬಂತು. ನಕ್ಕರೆ ಕೆಲಸ ಹೋಗುತ್ತದೆ. ತುಟಿ ಕಚ್ಚಿಕೊಂಡು, "ನಾನು ಕಕ್ಕಸು ತೊಳ್ಯೋಳು, ಬೇರೆ ಯಾರನ್ನಾದ್ರೂ ನೋಡಿ" ಎಂದಳು.

ಆಗ ಸಾಹೇಬರು ಡ್ರಾಯರಿನಿಂದ ಒಂದು ಕಾಗದ ತೆಗೆದು ಅಲ್ಲಾಡಿಸಿದರು. ಅದು ಅವಳಿಗೆ ಗೊತ್ತಿದ್ದ ಕಾಗದವೇ. ಅದರ ಇನ್ನೊಂದು ಪ್ರತಿ ಅವಳ ಮನೆ ಬಾಗಿಲಿಗೂ ಅಂಟಿತ್ತು. ಪಾರ್ಕಿನ ಗೋಡೆಯ ಆಚೆ ಕೆಲಸದವರ ಒಂದು ಲೈನು ಇತ್ತು, ಒಂಬತ್ತು ಕೋಣೆ. ಆ ಒಂಬತ್ತು ಕೋಣೆಯ ಗಲಾಟೆ, ಗಲೀಜಿನಿಂದಲೇ ಅಪರೂಪದ ಪ್ರಾಣಿ ಓಡಿಹೋಗಿದೆ, ಆದ್ದರಿಂದ ಲೈನು ತೆರವು ಮಾಡತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಕಳ್ಳನಿಗೊಂದು ಪಿಳ್ಳೆ ನೆವ.

"ನಾಳೆ ಚೆನ್ನಾಗಿ ಎಳೆದರೆ ಇದನ್ನ ಹರಿದು ಹಾಕ್ತೀನಿ" ಎಂದರು ಸಾಹೇಬರು.

"ಬರ್ದು ಕೊಡ್ತೀರಾ?"

ಸಾಹೇಬರು ನಕ್ಕರು. "ನನ್ನ ಮಾತೇ ಬರಹ, ಹೋಗು."

ಮೊಂಡಕ್ಕ ಹೋದಳು. ಮನೆ ಅಂದರೆ ಮನೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಅತ್ತೆಯ ಚಾಪೆ, ಮೇಲೆ ಹಗ್ಗದಲ್ಲಿ ಬಟ್ಟೆ. ಗಂಡ ಎಲ್ಲೋ ದೂರದ ಬಂದರಿನಲ್ಲಿ ಮಂದಿಯ ದೋಣಿಯಲ್ಲಿ ಕೂಲಿ. ಬಂದಾಗ ಕಾಲು ಚಾಚಲು ಜಾಗವಿರಲಿಲ್ಲ. ಆದರೂ ಬೀಗ ಅವಳದು. ಅದೂ ಹೋದರೆ ಆಕಾಶವೇ ಸೂರು.

ಅದು ಎರಡನೇ ಮನೆ. ಮೊದಲನೆಯದು ಈಗ ಪಾರ್ಕಿನ ಒಳಗೆ ಸೇರಿಹೋಗಿತ್ತು. ಆರು ವರ್ಷದ ಹಿಂದೆ ಅದು ಪಾರ್ಕಾಗಿರಲಿಲ್ಲ, ಬರೀ ದಂಡೆ. ಅತ್ತೆ ಅಲ್ಲಿ ನಲವತ್ತು ವರ್ಷ ಕಲ್ಲಿನ ಮೇಲೆ ಕೂತು ಮೀನು ಶುಚಿ ಮಾಡಿದ್ದಳು. ಎಡಗೈಯ ಎರಡು ಬೆರಳು ಆ ಕಲ್ಲಿಗೇ ಹೋಗಿದ್ದವು. ಒಂದು ದಿನ ಬೇಲಿ ಬಂತು. ಪ್ರಾಣಿಗಳಿಗೆ ನಿಮ್ಮಿಂದ ತೊಂದರೆ, ಎದ್ದೇಳಿ ಅಂದರು. ಎದ್ದರು. ಕಲ್ಲಿದ್ದ ಜಾಗದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ, ಮೇಲೆ ಕೊಡೆ, ಕೊಡೆಯ ಕೆಳಗೆ ಕುರ್ಚಿ ಇಟ್ಟು, ನೀರುನಾಯಿ ನೋಡುವ ಜಾಗ ಎಂದು ಬೋರ್ಡು ಹಾಕಿದರು. ಅಲ್ಲಿಗೆ ಹೋಗಲು ಟಿಕೆಟ್ಟು ಬೇಕು. ಕಸ ಗುಡಿಸಲು ಹೋಗುವವರಿಗೆ ಬೇಡ, ಆದರೆ ಗುಡಿಸುವಾಗ ತಲೆ ಎತ್ತಿ ನೀರಿನ ಕಡೆ ನೋಡಿದರೆ ಸೀಟಿ.

ಮೊಂಡಕ್ಕನಿಗೆ ಆ ಸೀಟಿಯ ಮೇಲೆ ಹಳೆಯದೊಂದು ಸಿಟ್ಟಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತು. ಲೈನಿಗೆ ಹೋಗಿಬರಲು ನಲವತ್ತು ನಿಮಿಷ. ಆಗಷ್ಟೇ ತಾನೇ ತೊಳೆದಿದ್ದ ಕಕ್ಕಸಿಗೆ ಹೋದಳು. ಹೊರಗೆ ಬರುವಾಗ ಸೀಟಿ ಊದಿತು. ಸಾಹೇಬರೇ ಬಂದರು. "ಇದು ಪ್ರವಾಸಿಗಳ ಜಾಗ" ಎಂದು, ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತು, ಫಿನಾಯಿಲ್ ಹಾಕಿಸಿ ಮೂರು ಸಲ ತೊಳೆಸಿದರು. ಅವಳು ಮಂಡಿಯೂರಿ ಉಜ್ಜಿದಳು. ಅಂಗೈ ಉರಿಯುತ್ತಿತ್ತು. ಮೂರನೇ ಸಲ ಉಜ್ಜುವಾಗ ಹೊಟ್ಟೆ ಮತ್ತೆ ಹಿಂಡುತ್ತಿತ್ತು. ಅವತ್ತು ನುಂಗಿದ ಸಿಟ್ಟನ್ನು ಅವಳು ಇನ್ನೂ ಉಗುಳಿರಲಿಲ್ಲ.

ಅವತ್ತು ಸಂಜೆ ಲೈನಿನ ಹಿಂದೆ ಒಂಬತ್ತು ಹೆಂಗಸರು ಎಂದಿನ ಹಾಗೆ ಕೆಲಸಕ್ಕೆ ಕೂತಿದ್ದರು. ಪಾರ್ಕಿನ ಕೆಲಸ ಮುಗಿದ ಮೇಲೆ ಅದು ಅವರ ಎರಡನೇ ಕೆಲಸ. ಮೀನು ಮಾರುಕಟ್ಟೆಯಿಂದ ಬುಟ್ಟಿ ಬರುತ್ತದೆ, ಶುಚಿ ಮಾಡಿ ಕಳಿಸಬೇಕು. ಲೈನಿನ ಹಿಂದಿನ ಚರಂಡಿ ಅಲ್ಲೇ ಹಿನ್ನೀರಿಗೆ ಸೇರುತ್ತಿತ್ತು. ಆ ಬಾಯಲ್ಲಿ ಕಲ್ಲು ಹಾಕಿಕೊಂಡಿದ್ದರು.

ಮೀನಿಗೊಂದು ಪದ್ಧತಿಯಿತ್ತು. ಬಾಲದಿಂದ ತಲೆಯ ಕಡೆಗೆ ಹೆರೆಯಬೇಕು, ಹೊಟ್ಟೆ ಸೀಳಬೇಕು, ತಲೆ ಮತ್ತು ಕರುಳನ್ನು ನೀರಿಗೆ ಎಸೆಯಬೇಕು. ಆಮೇಲೆ ಚೂರಿಗೆ ಅಂಟಿದ ಹುರುಪೆ ಉದುರಲು ಅದನ್ನು ಕಲ್ಲಿಗೆ ಎರಡು ಸಲ ಬಡಿಯಬೇಕು. ಟಕ್, ಟಕ್. ಅತ್ತೆ ಕಲಿಸಿದ್ದು. ಒಂಬತ್ತು ಚೂರಿ ಒಟ್ಟಿಗೆ ಬಡಿದರೆ ಅರ್ಧ ಮೈಲಿ ಕೇಳುತ್ತದೆ.

ಕೇಳಬೇಕಾದವರಿಗೆ ಕೇಳಿತು. ಜೊಂಡು ಅಲ್ಲಾಡಿತು. ಮೊದಲು ಒಂದು ಚಪ್ಪಟೆ ತಲೆ, ಅದರ ಹಿಂದೆ ಮೂರು ಚಿಕ್ಕ ತಲೆ. ತಾಯಿ ನೀರುನಾಯಿ, ಮೂರು ಮರಿ. ತಾಯಿ ಒಂದು ಮೀನಿನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಅಂಗಾತ ಮಲಗಿ ತಿನ್ನತೊಡಗಿತು. ಒಂದು ಮರಿ ಕಲ್ಲಿನ ಮೇಲೇ ಹತ್ತಿ ಅತ್ತೆಯ ಸೀರೆ ಸೆರಗು ಎಳೆಯಿತು. "ಥೂ ಭಿಕಾರಿ, ನಿಮ್ಮಪ್ಪ ತಂದಿಟ್ಟಿದ್ದಾನಾ?" ಎಂದು ಅತ್ತೆ ಗದರಿ, ಒಳ್ಳೆಯ ಮೀನೇ ಒಂದನ್ನು ಎಸೆದಳು.

ಗುಟ್ಟು ಇಷ್ಟೇ. ಪ್ರಾಣಿಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ಹೆಂಗಸರನ್ನು ಎಬ್ಬಿಸಿದಾಗ ಅವೂ ಗಂಟುಮೂಟೆ ಕಟ್ಟಿಕೊಂಡು ಹೆಂಗಸರ ಹಿಂದೆಯೇ ಬಂದಿದ್ದವು. ಊಟ ಹಾಕುವ ಕೈಯನ್ನು ಓಡಿಸಿ, ಉಣ್ಣುವವರು ಯಾಕೆ ಬರಲಿಲ್ಲ ಎಂದು ಸಾಹೇಬರು ಆರು ವರ್ಷದಿಂದ ದುರ್ಬೀನು ಹಿಡಿದು ಹುಡುಕುತ್ತಿದ್ದರು.

ಮೊಂಡಕ್ಕ ಆಫೀಸಿನಲ್ಲಿ ನಡೆದದ್ದನ್ನು ಹೇಳಿದಳು. ಬಾಟಲಿಯ ಮಾತು ಬಂದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ.

"ಮೂಗಿಗೆ ತುಪ್ಪ ಸವರಿದ್ದಾನೆ. ನೆಕ್ಕಕ್ಕಾಗಲ್ಲ, ಒರೆಸಕ್ಕಾಗಲ್ಲ."

"ಮತ್ತೇನ್ಮಾಡ್ಲಿ ಅತ್ತೆ? ಜೀವ ಇರೋದು ಇಲ್ಲೇ ಇದಾವೆ ಅಂತ ಹೇಳ್ಬಿಡ್ಲಾ?"

ಚೂರಿಗಳೆಲ್ಲ ನಿಂತವು.

"ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ" ಎಂದಳು ಅತ್ತೆ. "ಒಂದ್ಸಲ ನಮ್ಮ ದಂಡೇಲಿ ಪ್ರಾಣಿ ಇದೆ ಅಂತ ತೋರಿಸ್ದೋಳೇ ನಾನು. ಚೆಂದ ಇದೆ ಅಂದ್ರು, ಫೋಟೋ ತೆಗೆದ್ರು. ಮಾರನೇ ವರ್ಷ ಬೇಲಿ ತಂದ್ರು. ಇನ್ನೊಂದ್ಸಲ ತೋರ್ಸಿದ್ರೆ ಈ ಚರಂಡಿಗೂ ಬೇಲಿ ಬರತ್ತೆ. ಚರಂಡೀನೂ ಬಿಟ್ಟು ಎಲ್ಲಿಗೆ ಹೋಗ್ತೀಯ?"

ಮೊಂಡಕ್ಕ ಸತ್ತ ನೀರುನಾಯಿಯನ್ನೇ ಎಳೆಯುವುದೆಂದು ಆಯಿತು.

ಮಾರನೆಯ ದಿನ ನಾಲ್ಕು ಗಂಟೆಗೆ ಅವಳು ಜೊಂಡಿನ ಮರೆಯಲ್ಲಿ ನೀರಿಗಿಳಿದಳು. ಕೆಸರು ಮೊಣಕಾಲಿನವರೆಗೆ ಎಳೆದುಕೊಂಡಿತು. ನೀರು ಕುತ್ತಿಗೆಗೆ ಬಂತು. ತಲೆಯ ಮೇಲೆ ಸೊಪ್ಪು, ಸೊಪ್ಪಿನಲ್ಲಿ ಇರುವೆ. ಕಿವಿಯ ಹಿಂದೆ ಕಚ್ಚಿದರೂ ಕೈ ಎತ್ತುವಂತಿಲ್ಲ. ಕೈಯಲ್ಲಿ ದಾರ. ಒಂದು ಗಂಟೆ ಹಾಗೇ ನಿಂತಳು. ಬೆರಳು ಬೆಳ್ಳಗೆ ಸುಕ್ಕುಗಟ್ಟಿದವು. ಹಲ್ಲು ಕಟಕಟ ಅನ್ನತೊಡಗಿದವು. ದಾರದ ಆ ತುದಿಯಲ್ಲಿ ಹುಲ್ಲಿನ ಪ್ರಾಣಿ ಬಾಟಲಿಗಳ ಮೇಲೆ ಆರಾಮವಾಗಿ ತೇಲುತ್ತಿತ್ತು.

"ನೀನೇ ಪುಣ್ಯವಂತೆ ಕಣೇ" ಎಂದಳು ಅದಕ್ಕೆ. "ಸತ್ಮೇಲೂ ಕೆಲಸ ಇದೆ."

ಐದು ಗಂಟೆಗೆ ಕಟ್ಟೆಯ ಮೇಲೆ ಜನ ಬಂದರು. ಮುಂದೆ ಎತ್ತರದ ಹೆಂಗಸೊಬ್ಬಳು, ಕೊರಳಲ್ಲಿ ದುರ್ಬೀನು, ಕಂಕುಳಲ್ಲಿ ಕಾಗದದ ಕಟ್ಟು. ಹಿಂದೆ ಇಬ್ಬರು ಗಂಡಸರು. ಸಾಹೇಬರು ಮೈಕು ಹಿಡಿದಿದ್ದರು. ಮೂರು ಜನಕ್ಕೆ ಮೈಕು ಯಾಕೆ ಎಂದು ಯಾರೂ ಕೇಳಲಿಲ್ಲ.

ಒಂದು ಸೀಟಿ. ಮೊಂಡಕ್ಕ ಎಳೆದಳು. ನೀರುನಾಯಿ ಹೊರಟಿತು. ಮೊದಲ ಹತ್ತು ಮಾರು ಗತ್ತಿನಿಂದಲೇ ಹೋಯಿತು. ಆಮೇಲೆ ಹಿಂದೆ ಮುಂದಾಗಿ ಬಾಲ ಮುಂದೆ ಮಾಡಿಕೊಂಡು ಸಾಗಿತು.

"ನೋಡಿ, ನೋಡಿ!" ಎಂದರು ಮೈಕಿನಲ್ಲಿ ಸಾಹೇಬರು. "ಹಿಮ್ಮುಖವಾಗಿ ಈಜುವುದು ಇದರ ವಿಶೇಷ."

ಎರಡು ಸೀಟಿ. ಮುಳುಗಿಸಲು ಎಳೆದಳು. ಬಾಟಲಿ ಮುಳುಗಬೇಕಲ್ಲ! ಪ್ರಾಣಿ ಮಗುಚಿ, ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿ ನಿಂತಿತು. ಮತ್ತೆ ಎರಡು ಸೀಟಿ. ಮತ್ತೆ ಎಳೆದಳು. ಸೀಟಿಯ ಮೇಲೆ ಸೀಟಿ. ಮೊಂಡಕ್ಕನಿಗೆ ಆ ಚಳಿಯಲ್ಲೂ ನಗು ತಡೆಯದೆ ಒಂದು ಗುಟುಕು ಉಪ್ಪುನೀರು ಕುಡಿದಳು.

ಆಗಲೇ ಮೈಕಿನ ಮಾತು ನೀರಿನ ಮೇಲೆ ಹಾದು ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು.

"ಇಲ್ಲಿದ್ದ ಜನವಸತಿಯನ್ನು ತೆಗೆದ ಮೇಲೆ ಪ್ರಾಣಿಗಳು ಹೀಗೆ ಮರಳಿವೆ. ಗೋಡೆಯಾಚೆ ಇನ್ನೊಂದು ಲೈನು ಉಳಿದಿದೆ. ಸೋಮವಾರ ಬೆಳಿಗ್ಗೆ ಯಂತ್ರ ಬರುತ್ತದೆ, ಅದನ್ನೂ ನೆಲಸಮ ಮಾಡುತ್ತೇವೆ. ಆದೇಶಕ್ಕೆ ಈ ಬೆಳಿಗ್ಗೆಯೇ ಸಹಿ ಹಾಕಿದ್ದೇನೆ."

ಮೊಂಡಕ್ಕನ ಕೈಯಲ್ಲಿ ದಾರ ನಿಂತಿತು. ಸೋಮವಾರ ಅಂದರೆ ನಾಡಿದ್ದು. ಬೆಳಿಗ್ಗೆಯೇ ಸಹಿ ಹಾಕಿದವರು, ಸಂಜೆ ನನ್ನನ್ನು ನೀರಲ್ಲಿ ನಿಲ್ಲಿಸಿದರು. ನನ್ನ ಮನೆ ಕೆಡವಲು ನನ್ನ ಕೈಯಿಂದಲೇ ಸಾಕ್ಷಿ ಎಳೆಸುತ್ತಿದ್ದಾರೆ. ಚಳಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಂದು ಸೀಟಿ. ಅವಳು ಎಳೆಯಲಿಲ್ಲ. ಇನ್ನೊಂದು ಸೀಟಿ. ಎಳೆಯಲಿಲ್ಲ.

ದಾರ ಕೈಬಿಟ್ಟಳು. ಜೊಂಡು ಸರಿಸಿ, ಕೆಸರಿನಿಂದ ಒಂದೊಂದೇ ಕಾಲು ಕಿತ್ತು, ಕಟ್ಟೆಯ ಕಡೆಗೆ ನಡೆದಳು. ದಾರಿಯಲ್ಲಿ ಪ್ರಾಣಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ತಲೆಯ ಮೇಲೆ ಸೊಪ್ಪು ಹಾಗೇ ಇತ್ತು. ಮೇಸ್ತ್ರಿ ಊದಿದ, ಊದಿದ, ಕೆನ್ನೆ ಉಬ್ಬುವಷ್ಟು ಊದಿದ. ಕಟ್ಟೆ ಹತ್ತಿ, ಸಮಿತಿಯ ಎದುರಿನ ಮೇಜಿನ ಮೇಲೆ ಅದನ್ನು ಧೊಪ್ಪನೆ ಹಾಕಿದಳು. ಬಾಲ ಕಳಚಿ ಕೆಳಗೆ ಬಿತ್ತು.

"ಸಾಹೇಬ್ರೇ, ನಿಮ್ಮ ನೀರುನಾಯಿ ನೆನೆದುಬಿಟ್ಟಿದೆ. ಬಿಸಿಲಿಗೆ ಹಾಕ್ಬೇಕು."

ಸಾಹೇಬರ ಮುಖ ಇಂಗು ತಿಂದ ಮಂಗನದಾಯಿತು. "ಇವಳಿಗೆ ತಲೆ ಸರಿಯಿಲ್ಲ ಮೇಡಂ, ಕಕ್ಕಸು ತೊಳೆಯೋ ಹೆಂಗಸು" ಎಂದರು. ಮೈಕು ಇನ್ನೂ ಕೈಯಲ್ಲೇ ಇದ್ದದ್ದರಿಂದ ಅದು ಇಡೀ ದಂಡೆಗೆ ಕೇಳಿತು.

ದುರ್ಬೀನಿನ ಹೆಂಗಸು ಬಾಲವನ್ನು ಎತ್ತಿ ನೋಡಿದಳು. ಬಾಟಲಿ ನೋಡಿದಳು. ಕಾಗದದ ಕಟ್ಟು ತೆಗೆದು ಏನೋ ಬರೆದಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಕೋಪವೂ ಇರಲಿಲ್ಲ.

"ಕಂಡದ್ದು ಬರೆಯೋದಷ್ಟೇ ನನ್ನ ಕೆಲಸ" ಎಂದಳು. "ಪ್ರಾಣಿ ಇಲ್ಲ ಅಂತ ಬರೀತೀನಿ."

"ಪ್ರಾಣಿ ಇದಾವೆ ಅಮ್ಮ" ಎಂದಳು ಮೊಂಡಕ್ಕ. ಆಡಿದ ಮೇಲೆ ಅತ್ತೆಯ ಮುಖ ಕಣ್ಣೆದುರು ಬಂತು. ಆದರೆ ಸೋಮವಾರ ಹೇಗೂ ಬರುತ್ತದೆ. ಮುಳುಗುವವಳಿಗೆ ಚಳಿಯೇನು, ಮಳೆಯೇನು? "ನಾಲ್ಕಿದಾವೆ. ಬನ್ನಿ, ತೋರಿಸ್ತೀನಿ."

ಗೋಡೆ ಸುತ್ತಿ ಇಪ್ಪತ್ತು ನಿಮಿಷದ ದಾರಿ. ಮೊಂಡಕ್ಕ ಮುಂದೆ, ಸಮಿತಿ ಹಿಂದೆ, ಬೇಡ ಬೇಡ ಅನ್ನುತ್ತ ಸಾಹೇಬರು ಅದರ ಹಿಂದೆ, ನೆನೆದ ಪ್ರಾಣಿಯನ್ನು ಎತ್ತಿಕೊಂಡು ಮೇಸ್ತ್ರಿ ಎಲ್ಲರ ಹಿಂದೆ. ಲೈನಿನ ಹಿಂದೆ ಹೆಂಗಸರು ಆಗಷ್ಟೇ ಬುಟ್ಟಿ ಬಿಚ್ಚುತ್ತಿದ್ದರು. ಜನರನ್ನು ನೋಡಿ ಅತ್ತೆ ಚೂರಿ ಕೆಳಗಿಟ್ಟಳು.

"ಮನೆಗೆ ಮಾರಿ ಕರ್ಕೊಂಡು ಬಂದ್ಯಲ್ಲೇ, ಮನೆಹಾಳಿ!"

"ಸೋಮವಾರ ಕೆಡವ್ತಾರಂತೆ ಅತ್ತೆ. ಬೆಳಿಗ್ಗೇನೇ ಸಹಿ ಆಗಿದೆ. ಮೈಕಲ್ಲಿ ಹೇಳಿದ್ರು."

ಅತ್ತೆ ಸೊಸೆಯ ಮೈಯಿಂದ ಸುರಿಯುವ ನೀರು ನೋಡಿದಳು. ನೀಲಿಗಟ್ಟಿದ ತುಟಿ ನೋಡಿದಳು. ಹಗ್ಗದ ಮೇಲಿದ್ದ ತನ್ನ ಒಣಸೀರೆ ಎಳೆದು ಅವಳ ಮೈಮೇಲೆ ಎಸೆದಳು. ಆಮೇಲೆ ಸಮಿತಿಯ ಕಡೆ ತಿರುಗಿದಳು.

"ನೀರುನಾಯಿ ನೋಡ್ಬೇಕಾ? ಕೂತ್ಕೊಳ್ಳಿ, ಮೀನು ಹೆರೀರಿ. ನೋಡೋಕೆ ಬಂದೋರಿಗೆ ಅವು ಬರಲ್ಲ. ಕೆಲಸ ಮಾಡೋರಿಗೆ ಬರ್ತಾವೆ."

ಅದರಲ್ಲಿ ಅರ್ಧ ಸುಳ್ಳು. ಎಷ್ಟು ಜನ ನಿಂತು ನೋಡಿದರೂ ಬರುವ ಪ್ರಾಣಿ ಬರುತ್ತಿತ್ತು. ಮೊಂಡಕ್ಕನಿಗೂ ಅದು ಗೊತ್ತು. ಆದರೆ ಅತ್ತೆಯ ಕಣ್ಣಿನ ಮೂಲೆಯಲ್ಲಿ ತುಂಟತನ ಕಂಡು ಅವಳು ಬಾಯಿ ಮುಚ್ಚಿಕೊಂಡಳು.

ದುರ್ಬೀನಿನ ಹೆಂಗಸು ತೋಳು ಮಡಚಿ ಕುಕ್ಕುರುಗಾಲಲ್ಲಿ ಕೂತೇಬಿಟ್ಟಳು. ಇಬ್ಬರು ಗಂಡಸರು ಮುಖಮುಖ ನೋಡಿಕೊಂಡು ಕೂತರು. ಉಳಿದದ್ದು ಸಾಹೇಬರು.

"ಎಲ್ಲರೂ" ಎಂದಳು ಅತ್ತೆ.

ಪ್ರಮಾಣಪತ್ರದ ಆಸೆ ದೊಡ್ಡದು. ಸಾಹೇಬರು ಪ್ಯಾಂಟು ಮೇಲೆಳೆದು, ಬೂಟಿಗೆ ಕೆಸರಾಗದ ಹಾಗೆ ತುದಿಗಾಲಲ್ಲಿ ಕೂತರು. ಅತ್ತೆ ಬುಟ್ಟಿಯೆಲ್ಲ ಕೆದಕಿ ಅತಿ ಜಾರುವ ಮೀನೊಂದನ್ನು ಆರಿಸಿ ಅವರ ಕೈಗಿಟ್ಟಳು. ಅದು ಜಾರಿತು. ಹಿಡಿದರು. ಜಾರಿತು. ಹಿಡಿಯಲು ಹೋಗಿ ಕೆಸರಲ್ಲಿ ಕೂತರು. ಬಾಲದಿಂದ ಹೆರೆಯುವ ಬದಲು ತಲೆಯಿಂದ ಹೆರೆದರು. ಹುರುಪೆ ಹಾರಿ ಹುಬ್ಬಿಗೆ, ಮೀಸೆಗೆ ಅಂಟಿತು. ಮೂಗು ಮುಚ್ಚೋಣವೆಂದರೆ ಎರಡೂ ಕೈ ಕರುಳಿನಲ್ಲಿ.

"ವಾಸನೆನಾ ಸಾಹೇಬ್ರೇ?" ಮೊಂಡಕ್ಕ ಕೇಳಿದಳು. "ಅಭ್ಯಾಸ ಆಗತ್ತೆ. ನಮ್ಗೆ ನಿಮ್ದು ಆಗ್ಲಿಲ್ವಾ?"

ಹಿಂದೆ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಕಾಲು ಗಂಟೆ ಆಯಿತು. ಯಾವ ಪ್ರಾಣಿಯೂ ಬರಲಿಲ್ಲ. ಎಲ್ಲಿ ಬರುತ್ತದೆ! ಚೂರಿಯನ್ನು ಕಲ್ಲಿಗೆ ಬಡಿಯಲು ಅವರಿಗೆ ಗೊತ್ತಿರಲಿಲ್ಲ, ಅತ್ತೆ ಹೇಳಲೂ ಇಲ್ಲ. ಸಾಹೇಬರ ಮುಂದೆ ಐದು ಮೀನು ಆಗಿ, ಬೆನ್ನು ಬಗ್ಗಿ, "ಅಯ್ಯೋ" ಅನ್ನುವ ಶಬ್ದ ಬಾಯಿಂದ ಬಿದ್ದ ಮೇಲೆಯೇ ಅವಳು ಚೂರಿ ಎತ್ತಿದ್ದು.

ಟಕ್, ಟಕ್. ಉಳಿದ ಕಲ್ಲುಗಳೂ ಉತ್ತರ ಕೊಟ್ಟವು.

ಜೊಂಡು ಅಲ್ಲಾಡಿತು. ತಾಯಿ ಬಂತು, ಹಿಂದೆ ಮೂರು ಮರಿ. ಸಮಿತಿಯ ಗಂಡಸೊಬ್ಬ ಉಸಿರು ಬಿಗಿಹಿಡಿದ. ದುರ್ಬೀನಿನ ಹೆಂಗಸಿಗೆ ದುರ್ಬೀನು ಬೇಕಾಗಲಿಲ್ಲ. ಭಿಕಾರಿ ಮರಿ ಸೀದಾ ಮೇಲೆ ಹತ್ತಿ, ಸಾಹೇಬರು ಕಷ್ಟಪಟ್ಟು ಹೆರೆದ ಮೀನುಗಳನ್ನು ಮೂಸಿ, ಒಂದೂ ಬೇಡವೆಂದು ಮುಂದೆ ಹೋಗಿ ಅತ್ತೆಯ ಬುಟ್ಟಿಗೆ ಕೈಹಾಕಿತು.

ದುರ್ಬೀನಿನ ಹೆಂಗಸು ಕೈ ಒರೆಸಿಕೊಂಡು ಕಾಗದ ತೆಗೆದಳು. ಒಂದೊಂದೇ ಓದಿ ಬರೆದಳು. "ಮೂಲ ಪ್ರಾಣಿ. ಸಂಖ್ಯೆ, ನಾಲ್ಕು. ಹೆಣ್ಣು ಒಂದು, ಮರಿ ಮೂರು. ವಾಸದ ಜಾಗ, ಕೆಲಸದವರ ಲೈನಿನ ಹಿಂಭಾಗ." ಆಮೇಲೆ ತಲೆ ಎತ್ತಿದಳು. "ಇದು ಬರೆದ ಮೇಲೆ ಈ ಜಾಗದಿಂದ ಇವುಗಳನ್ನ ಯಾರೂ ಎಬ್ಬಿಸೋ ಹಾಗಿಲ್ಲ. ಕಾನೂನು."

ಸಾಹೇಬರು ಕೆಸರಿನಿಂದ ಜಿಗಿದು ಎದ್ದರು. ಸೋತ ಆಟ ಗೆದ್ದ ಹಾಗಿತ್ತು ಮುಖ. "ಅದೇ ಮೇಡಂ, ಅದೇ! ಅದಕ್ಕೇ ಈ ಲೈನು ತೆಗೆದು, ಸುತ್ತ ಬೇಲಿ ಹಾಕಿ, ಇಲ್ಲೇ ಹೊಸ ಕಟ್ಟೆ ಕಟ್ಟಿಸ್ತೀನಿ. ಸೋಮವಾರವೇ ಶುರು."

ಅತ್ತೆ ಸೊಸೆಯನ್ನು ನೋಡಿದಳು. ನಾನು ಹೇಳಲಿಲ್ಲವಾ ಅನ್ನುವ ನೋಟ. ಮೊಂಡಕ್ಕನ ಕೈ ಪಕ್ಕದ ಕಲ್ಲಿನ ಮೇಲಿದ್ದ ಚೂರಿಗೆ ಹೋಯಿತು. ಒಂದು ಕ್ಷಣ ಅವಳಿಗೆ ಆ ಚೂರಿಯನ್ನು ಎಲ್ಲಿ ಹಾಕಬೇಕೆಂದು ತೋಚಿತ್ತು. ಹಾಕಲಿಲ್ಲ. ಎದ್ದು ದುರ್ಬೀನಿನ ಹೆಂಗಸಿನ ಎದುರು ನಿಂತಳು.

"ನಮ್ಮನ್ನೂ ಬರ್ಕೊಳ್ಳಿ ಅಮ್ಮ."

"ಏನಂತ?"

"ಮೂಲ ಪ್ರಾಣಿ ಅಂತ. ಸಂಖ್ಯೆ ಒಂಬತ್ತು. ಎಲ್ಲಾ ಹೆಣ್ಣು."

"ಈ ನಮೂನೆಯಲ್ಲಿ ಮನುಷ್ಯರಿಗೆ ಜಾಗ ಇಲ್ಲಮ್ಮ."

"ಅದಕ್ಕೇ ಹೇಳಿದ್ದು. ಮನುಷ್ಯರು ಅಂತ ಹೇಳಿ ನೋಡಾಯ್ತು. ಒಂದ್ಸಲ ಎಬ್ಬಿಸಿದ್ರು, ಈಗ ಇನ್ನೊಂದ್ಸಲ. ಕೋಳೀನ ಕೇಳಿ ಮಸಾಲೆ ಅರೀತಾರಾ? ನಮ್ಮನ್ನ ಯಾರೂ ಕೇಳ್ಲಿಲ್ಲ. ಪ್ರಾಣಿಗಳನ್ನಾದ್ರೆ ಎಬ್ಬಿಸಲ್ವಲ್ಲ ನೀವು. ಪ್ರಾಣಿ ಅಂತಲೇ ಬರೀರಿ, ನಮ್ಗೇನೂ ಬೇಜಾರಿಲ್ಲ."

ಅತ್ತೆಗೆ ತಕ್ಷಣ ಹೊಳೆಯಿತು. ಸೊಸೆಯನ್ನು ಪಕ್ಕಕ್ಕೆ ತಳ್ಳಿ ತಾನೇ ಮುಂದೆ ಬಂದಳು.

"ನನ್ನಿಂದ ಶುರು ಮಾಡಮ್ಮ. ಹೆಣ್ಣು. ಎಪ್ಪತ್ತು ವರ್ಷ. ಗುರುತು, ಎಡಗೈ ಎರಡು ಬೆರಳಿಲ್ಲ. ಹಲ್ಲು ಎಣಿಸ್ಕೋ, ನಾಲ್ಕಿದಾವೆ." ಬಾಯಿ ಅಗಲಿಸಿ ತೋರಿಸಿದಳು. "ಆಹಾರ, ಸಿಕ್ಕಿದ್ದು. ಮರಿ, ಒಂದು, ದೋಣೀಲಿದ್ದಾನೆ. ಮುಟ್ಟಿದ್ರೆ ಕಚ್ತೀನಿ, ಅದನ್ನೂ ಬರಿ."

ಹಿಂದೆ ಏಳು ಹೆಂಗಸರು ಸಾಲು ನಿಂತುಬಿಟ್ಟರು. ಒಬ್ಬಳು ಉದ್ದ ಅಳೆಯಲಿ ಎಂದು ಗೋಡೆಗೆ ಒರಗಿ ನಿಂತಳು. ಇನ್ನೊಬ್ಬಳು ತೂಕ ಹೇಳಿದಳು, ಮೂರನೆಯವಳು ಅದು ಸುಳ್ಳು ಅಂದಳು. ಸಮಿತಿಯ ಗಂಡಸರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ದುರ್ಬೀನಿನ ಹೆಂಗಸು ಕಾಗದ ನೋಡಿದಳು, ಅತ್ತೆಯ ಬಾಯಿ ನೋಡಿದಳು. ಕಂಡದ್ದು ಬರೆಯುವುದು ಅವಳ ಕೆಲಸ. ನಾಲ್ಕು ನೀರುನಾಯಿಗಳ ಕೆಳಗೆ ಐದು ಎಂದು ಬರೆದು, ಮುಂದೆ ಹೆಣ್ಣು ಎಂದು ಬರೆದಳು.

ಅದನ್ನು ನೋಡಿ ಸಾಹೇಬರಿಗೆ ತಡೆಯಲಾಗಲಿಲ್ಲ.

"ಮೇಡಂ! ಏನಿದು ಹುಚ್ಚಾಟ! ಪ್ರಾಣಿಗಳಲ್ಲ ಇವರು! ಮನುಷ್ಯರು!"

ಸಾಲಿನಲ್ಲಿದ್ದ ಹೆಂಗಸರ ನಗು ನಿಂತಿತು. ಅತ್ತೆ ಕಿವಿಗೆ ಕೈ ಹಚ್ಚಿದಳು. ಅವಳ ಕಿವಿ ಚೆನ್ನಾಗಿಯೇ ಇತ್ತು.

"ಏನಂದ್ರಿ? ವಯಸ್ಸಾಯ್ತು, ಕೇಳಿಸ್ಲಿಲ್ಲ."

"ಮನುಷ್ಯರು ಅಂದೆ!"

"ಯಾರು?"

"ನೀವು! ನೀವೆಲ್ಲ!"

ಮೊಂಡಕ್ಕ ದುರ್ಬೀನಿನ ಹೆಂಗಸಿನ ಕಡೆ ತಿರುಗಿದಳು.

"ಇದನ್ನ ಬರ್ಕೊಳ್ಳಿ ಅಮ್ಮ. ಸಾಹೇಬ್ರು ಹೇಳಿದ್ದು ಅಂತ ಬರೀರಿ. ಕೆಳಗೆ ಅವ್ರ ಕೈಲೇ ಸಹಿ ಹಾಕ್ಸಿ. ನಾವು ಪ್ರಾಣಿಗಳಾದ್ರೆ ಎಬ್ಬಿಸೋ ಹಾಗಿಲ್ಲ. ಮನುಷ್ಯರಾದ್ರೆ ಕೇಳದೆ ಎಬ್ಬಿಸೋ ಹಾಗಿಲ್ಲ. ಯಾವ್ದಾದ್ರೂ ಒಂದು ಮಾಡ್ಲಿ. ಎರಡೂ ಅಲ್ಲ ಅನ್ನೋದು ಇವತ್ತಿಗೆ ಮುಗೀತು."

ದುರ್ಬೀನಿನ ಹೆಂಗಸು 'ಐದು' ಎಂದು ಬರೆದದ್ದನ್ನು ಹೊಡೆದುಹಾಕಿ, ಹೊಸ ಹಾಳೆ ತೆಗೆದಳು. ಬರೆಯುತ್ತ ಗಟ್ಟಿಯಾಗಿ ಓದಿದಳು. ಲೈನಿನಲ್ಲಿ ಒಂಬತ್ತು ಮನೆ, ವಾಸವಿರುವವರು ಮನುಷ್ಯರು. ಪ್ರಾಣಿಗಳು ಇಲ್ಲಿರುವುದು ಇವರ ಕೆಲಸದಿಂದ. ತೆರವಿಗೆ ಮುನ್ನ ಇವರನ್ನು ಕೇಳಿಲ್ಲ. ಸೋಮವಾರದ ಕೆಲಸ ನಿಲ್ಲಿಸಲಾಗಿದೆ. "ಇಲ್ಲಿ ಸಹಿ" ಎಂದು ಹಾಳೆಯನ್ನು ಸಾಹೇಬರ ಮುಂದೆ ಹಿಡಿದಳು. "ಹಾಕದಿದ್ರೆ ಬಾಟಲಿ ಕಟ್ಟಿದ ನೀರುನಾಯಿ ಬಗ್ಗೆ ಬರೆದದ್ದು ವರದಿಯ ಮೊದಲನೇ ಪುಟದಲ್ಲಿ ಹೋಗುತ್ತೆ."

ಸಾಹೇಬರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಬಾಲವಿಲ್ಲದ ಪ್ರಾಣಿಯನ್ನು ಎದೆಗವಚಿಕೊಂಡು ಆಕಾಶ ನೋಡುತ್ತಿದ್ದ.

ಅತ್ತೆ ಮೀನು ಹೆರೆಯುವ ಕಲ್ಲನ್ನು ಒರೆಸಿ ಹಾಳೆಗೆ ಜಾಗ ಮಾಡಿಕೊಟ್ಟಳು. ಸಾಹೇಬರು ಮಂಡಿಯೂರಿ ಸಹಿ ಹಾಕಿದರು. ಕೈಯೆಲ್ಲ ಲೋಳೆಯಾಗಿ ಪೆನ್ನು ಜಾರುತ್ತಿತ್ತು, ಎರಡು ಸಲ ಹಾಕಬೇಕಾಯಿತು.